ಮೆಲುದನಿಯ ಪರವಾಗಿ

ಜೋರಾಗಿ ಹೇಳಿದ ಮಾತು ನಿಜವಾದ ಮಾತೂ ಆಗಿರಬೇಕೆಂಬ ನಂಬಿಕೆ ಮನುಷ್ಯನಲ್ಲಿ ಎಂದು ಹುಟ್ಟಿತೋ ಹೇಳುವುದು ಕಷ್ಟ. ಸಂತೆಯಲ್ಲಿ ಗಂಟಲು ಹರಿಯುವಂತೆ ಕೂಗುವವನ ಬದನೆಕಾಯಿ ಬೇಗ ಖರ್ಚಾಗುತ್ತದೆ. ಪಕ್ಕದಲ್ಲಿ ಸುಮ್ಮನೆ ಕುಳಿತ ಮುದುಕಿಯ ಬದನೆಕಾಯಿ, ಅದೇ ತೋಟದ್ದಾದರೂ, ಮಧ್ಯಾಹ್ನದ ಹೊತ್ತಿಗೆ ಬಾಡಿಹೋಗುತ್ತದೆ. ಸಭೆಯಲ್ಲಿ ಮೇಜು ಗುದ್ದಿದವರಿಗೆ ಚಪ್ಪಾಳೆ ಬೀಳುತ್ತದೆ. ತೂಗಿ ನೋಡಿ ಮಾತನಾಡಿದವರು ಭಾಷಣ ಮುಗಿಸಿದ್ದೇ ಯಾರಿಗೂ ತಿಳಿಯುವುದಿಲ್ಲ. ವ್ಯಾಪಾರಕ್ಕೂ ರಾಜಕೀಯಕ್ಕೂ ಇದು ಒಗ್ಗಿದ ನೀತಿ, ಇರಲಿ ಬಿಡಿ. ಆದರೆ ಸಂಗೀತಕ್ಕೂ ಇದೇ ನೀತಿ ಬಂದು ಅಂಟಿಕೊಂಡಿತೆಂದರೆ ಕೇಳಿದವರು ನಗಬಹುದು. ಅಂಟಿಕೊಂಡದ್ದು ಮಾತ್ರ ನಿಜ. ಕಳೆದ ಶತಮಾನದ ಕೊನೆಯ ಹತ್ತು ವರ್ಷಗಳಲ್ಲಿ ಅಮೆರಿಕ, ಇಂಗ್ಲೆಂಡುಗಳ ಧ್ವನಿಮುದ್ರಣ ಮಂದಿರಗಳಲ್ಲಿ ಯಾರ ತಟ್ಟೆ ಹೆಚ್ಚು ಗಟ್ಟಿಯಾಗಿ ಕೇಳಬೇಕೆಂಬ ಸ್ಪರ್ಧೆ ಹಬ್ಬಿತು. ಅದಕ್ಕೆ ಅವರೇ ಇಟ್ಟ ಹೆಸರು ‘ಲೌಡ್‌ನೆಸ್ ವಾರ್’, ಎಂದರೆ ಸದ್ದಿನ ಸಮರ. ಈ ಸಮರದಲ್ಲಿ ರಕ್ತ ಸುರಿಯಲಿಲ್ಲ, ಗಾಯಗೊಂಡದ್ದು ಮೆಲುದನಿ.

ನಾನು ಹಾಡುವವನಲ್ಲ, ಯಂತ್ರಜ್ಞನೂ ಅಲ್ಲ, ಬರಿಯ ಕೇಳುವವನು. ಆದರೆ ಅಡಿಗೆ ಬಾರದವನಿಗೂ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳುವ ಹಕ್ಕು ಇದ್ದೇ ಇದೆ. ಆ ಹಕ್ಕಿನ ಮೇಲೆ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಒಂದು ಹಾಡು ನಮ್ಮ ಕಿವಿಗೆ ಬರುವ ಮುನ್ನ ಮೂರು ಕೈ ದಾಟಿ ಬರುತ್ತದೆ. ಮೊದಲನೆಯದು ಹಾಡುವವರ, ನುಡಿಸುವವರ ಕೈ. ಎರಡನೆಯದು ಬೇರೆ ಬೇರೆಯಾಗಿ ಹಿಡಿದ ದನಿಗಳನ್ನು ಹದವಾಗಿ ಬೆರೆಸುವವನ ಕೈ. ಮೂರನೆಯದು, ಬೆರೆಸಿದ್ದನ್ನು ಕೊನೆಯ ಸಲ ಕೇಳಿ, ತಿದ್ದಿ, ಒಪ್ಪ ಮಾಡಿ, ಅಚ್ಚಿಗೆ ಕಳುಹಿಸುವವನ ಕೈ. ಈ ಕೊನೆಯ ಕೆಲಸಕ್ಕೆ ‘ಮಾಸ್ಟರಿಂಗ್’ ಎಂದು ಹೆಸರು. ಮದುಮಗಳನ್ನು ಮಂಟಪಕ್ಕೆ ಕಳುಹಿಸುವ ಮುನ್ನ ಹಿರಿಯ ಮುತ್ತೈದೆಯೊಬ್ಬಳು ಸೆರಗು ಸರಿಮಾಡಿ, ಕುಂಕುಮ ತಿದ್ದಿ, ಒಂದು ಸಲ ದೂರ ನಿಂತು ನೋಡುತ್ತಾಳಲ್ಲ, ಅಂಥ ಕೆಲಸ. ಕಣ್ಣಿಗೆ ಬೀಳದ ಕೆಲಸ. ಆದರೆ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಸದ್ದಿನ ಸಮರ ಮುಖ್ಯವಾಗಿ ನಡೆದದ್ದು ಈ ಮೂರನೆಯ ಕೈಯಲ್ಲಿ.

ಧ್ವನಿಮುದ್ರಣದ ಬಾಲ್ಯದಲ್ಲಿ ಗಟ್ಟಿಯಾಗಿ ಹಾಡುವುದು ಚಪಲವಾಗಿರಲಿಲ್ಲ, ಗತಿಯಿಲ್ಲದ ಕೆಲಸವಾಗಿತ್ತು. ೧೯೦೨ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ತಟ್ಟೆಗೆ ಇಳಿಸಿದ. ಆಗ ಮೈಕ್ ಇರಲಿಲ್ಲ, ವಿದ್ಯುತ್ತಿನ ನೆರವಿರಲಿಲ್ಲ. ಗೋಡೆಯ ಹತ್ತಿರ ದೊಡ್ಡದೊಂದು ಕೊಂಬು. ಅದರ ಬಾಯಿಗೆ ಮುಖವಿಟ್ಟು ಹಾಡಬೇಕು. ಹಾಡಿದ ದನಿಯ ಬಲವೇ ಮುಳ್ಳನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಮೆಲ್ಲಗೆ ಹಾಡಿದರೆ ಮುಳ್ಳು ಮಿಸುಕುತ್ತಲೇ ಇರಲಿಲ್ಲ. ಇದ್ದ ಅವಕಾಶ ಸುಮಾರು ಮೂರು ನಿಮಿಷ. ಅಷ್ಟರೊಳಗೆ ರಾಗ, ಗೀತ, ತಾನ ಎಲ್ಲವನ್ನೂ ಹಾಡಿ, ಕೊನೆಯಲ್ಲಿ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಕೂಗಿ ಹೇಳಿ ಮುಗಿಸುತ್ತಿದ್ದರು ಆ ಮಹಾಗಾಯಕಿ. ಅವರು ೧೯೨೮ರಲ್ಲಿ ಮೈಸೂರಿಗೆ ಬಂದು ಆಸ್ಥಾನದ ಆಶ್ರಯ ಪಡೆದು, ೧೯೩೦ರ ಜನವರಿಯಲ್ಲಿ ಅಲ್ಲಿಯೇ ಕಣ್ಣುಮುಚ್ಚಿದರು. ಅವರ ಹಳೆಯ ತಟ್ಟೆಗಳನ್ನು ಇಂದು ಕೇಳಿದರೆ ಕಂಠದ ಬೆರಗಿನ ಜೊತೆಗೆ ಕಿವುಡು ಯಂತ್ರಕ್ಕೆ ಕೇಳಿಸಲೆಂದು ಪಟ್ಟ ಶ್ರಮವೂ ಕೇಳಿಸುತ್ತದೆ.

೧೯೨೫ರಲ್ಲಿ ಮೈಕ್ ಹಿಡಿದು ವಿದ್ಯುತ್ತಿನಿಂದ ಧ್ವನಿಮುದ್ರಣ ಮಾಡುವುದು ಆರಂಭವಾಯಿತು. ಯಂತ್ರಕ್ಕೆ ಕಿವಿ ಬಂತು. ಪಿಸುಮಾತನ್ನೂ ಅದು ಹಿಡಿಯಬಲ್ಲದಾಯಿತು. ಪಶ್ಚಿಮದಲ್ಲಿ ಬಿಂಗ್ ಕ್ರಾಸ್ಬಿಯಂಥ ಹಾಡುಗಾರರು ಎದುರಿಗೆ ಕುಳಿತ ಒಬ್ಬರಿಗೆ ಮಾತ್ರ ಹೇಳುವಂತೆ ಮೆಲ್ಲಗೆ ಹಾಡಿ ಲೋಕಪ್ರಿಯರಾದದ್ದು ಈ ಮೈಕಿನ ದಯೆಯಿಂದ. ನಮ್ಮ ವೀಣೆಯಂಥ ವಾದ್ಯಕ್ಕೂ ಇದು ವರವೇ. ವೀಣೆಯಲ್ಲಿ ತಂತಿ ಮೀಟಿದ ಪೆಟ್ಟಿಗಿಂತ ಆ ಪೆಟ್ಟು ಕರಗುತ್ತ ಹೋಗುವ ಬಾಲದಲ್ಲಿಯೇ ಗಮಕದ ಬಾಳು. ಆ ಬಾಲ ಕೇಳಬೇಕಾದರೆ ಸುತ್ತ ನಿಶ್ಶಬ್ದವಿರಬೇಕು, ಕೇಳುವ ಯಂತ್ರ ಸೂಕ್ಷ್ಮವಾಗಿರಬೇಕು.

ಕಿವಿ ಬಂದ ಯಂತ್ರದ ಮುಂದೆ ಮತ್ತೆ ಕೂಗುವ ಅಗತ್ಯವೇನಿತ್ತು? ಅಗತ್ಯವಿರಲಿಲ್ಲ, ಪೈಪೋಟಿಯಿತ್ತು. ೧೯೪೯ರಲ್ಲಿ ನಿಮಿಷಕ್ಕೆ ೪೫ ಸುತ್ತು ತಿರುಗುವ ಸಣ್ಣ ತಟ್ಟೆ ಬಂತು. ಅಮೆರಿಕದ ಹೋಟೆಲುಗಳಲ್ಲಿ ಕಾಸು ಹಾಕಿದರೆ ಹಾಡುವ ಪೆಟ್ಟಿಗೆಗಳಿದ್ದುವು. ಅವುಗಳ ಸದ್ದಿನ ತಿರುಪು ಕೇಳುವವನ ಕೈಯಲ್ಲಿರಲಿಲ್ಲ. ಹೋಟೆಲಿನವನು ಒಂದು ಅಳತೆಗೆ ತಿರುಗಿಸಿಟ್ಟರೆ ಮುಗಿಯಿತು. ಆ ಅಳತೆಯಲ್ಲಿ ಯಾರ ತಟ್ಟೆ ಗಟ್ಟಿಯಾಗಿ ಕೇಳುತ್ತದೆಯೋ ಅದು ಜನರ ಕಿವಿ ಸೆಳೆಯುತ್ತದೆ. ತಟ್ಟೆ ಕೊರೆಯುವವರು ಇದನ್ನು ಬೇಗ ಕಲಿತರು. ಆದರೂ ಅಂದು ಒಂದು ಲಗಾಮಿತ್ತು. ದನಿ ಗಟ್ಟಿಯಾದಷ್ಟೂ ತಟ್ಟೆಯ ಗೆರೆ ಅತ್ತಿತ್ತ ಹೆಚ್ಚು ಓಲಾಡುತ್ತದೆ, ಹೆಚ್ಚು ಜಾಗ ತಿನ್ನುತ್ತದೆ. ಹಾಡಿಗೆ ಸಿಗುವ ನಿಮಿಷ ಕಡಿಮೆಯಾಗುತ್ತದೆ. ಅತಿಯಾದರೆ ಮುಳ್ಳು ಗೆರೆಯಿಂದ ಹಾರಿಯೇಹೋಗುತ್ತದೆ. ಮನುಷ್ಯನ ಆಸೆಗೆ ವಸ್ತುವೇ ‘ಇನ್ನು ಸಾಕು’ ಎನ್ನುತ್ತಿತ್ತು.

೧೯೮೨ರಲ್ಲಿ ಸೀಡಿ ಬಂದಿತು. ಗೆರೆಯಿಲ್ಲ, ಮುಳ್ಳಿಲ್ಲ, ಅಂಕೆಗಳ ಲೆಕ್ಕ. ಸೆಕೆಂಡಿಗೆ ೪೪,೧೦೦ ಸಲ ದನಿಯ ಎತ್ತರವನ್ನು ಅಳೆದು, ೬೫,೫೩೬ ಮೆಟ್ಟಿಲುಗಳಲ್ಲಿ ಒಂದರ ಮೇಲೆ ಅದನ್ನು ಇಡುತ್ತಾರೆ. ಅತಿ ಮೆಲ್ಲನೆಯ ಸದ್ದಿಗೂ ಅತಿ ಗಟ್ಟಿಯಾದದ್ದಕ್ಕೂ ನಡುವೆ ಸುಮಾರು ೯೬ ಡೆಸಿಬೆಲ್ಲಿನ ಅಂತರ ಇದರಲ್ಲಿ ಹಿಡಿಯುತ್ತದೆ. ಇಷ್ಟು ವಿಶಾಲವಾದ ಮನೆ ಸಂಗೀತಕ್ಕೆ ಹಿಂದೆಂದೂ ಸಿಕ್ಕಿರಲಿಲ್ಲ. ಆದರೆ ಈ ಮನೆಗೆ ಒಂದು ತಾರಸಿ ಉಂಟು. ಕೊನೆಯ ಮೆಟ್ಟಿಲು ಮುಗಿದ ಮೇಲೆ ಅದಕ್ಕೂ ಮೇಲೆ ಹೋಗುವಂತಿಲ್ಲ; ಹೋಗಲೆಣಿಸಿದ ದನಿಯ ನೆತ್ತಿ ಚಪ್ಪಟೆಯಾಗಿ ಕತ್ತರಿಸಿಹೋಗಿ ಕರಕರ ಎನ್ನುತ್ತದೆ.

ತಾರಸಿಯನ್ನು ಎತ್ತುವಂತಿಲ್ಲ, ಹಾಡು ಮಾತ್ರ ಪಕ್ಕದವನದಕ್ಕಿಂತ ಗಟ್ಟಿಯಾಗಬೇಕು, ಏನು ಮಾಡುವುದು? ಉಪಾಯ ಸುಲಭ. ಡೋಲಿನ ಪೆಟ್ಟು, ಕಂಠದ ತಾರದ ಕೂಗು ಮೊದಲಾದ ಎತ್ತರದ ತಲೆಗಳನ್ನು ಅಮುಕುವುದು. ಅಮುಕಿದ ಮೇಲೆ ಉಳಿದ ಜಾಗಕ್ಕೆ ಇಡೀ ಹಾಡನ್ನು ಮೇಲೆತ್ತುವುದು. ೧೯೯೪ರಲ್ಲಿ, ಪೆಟ್ಟು ಬೀಳುವ ಮೊದಲೇ ಮುಂದೆ ನೋಡಿ ಅದನ್ನು ಅಮುಕುವ ಗಣಕಯಂತ್ರದ ಸಾಧನ ಮಾರುಕಟ್ಟೆಗೆ ಬಂದ ಮೇಲಂತೂ ಇದು ಮಕ್ಕಳಾಟವಾಯಿತು. ಹಳೆಯ ಹಾಡಿನ ದನಿಯ ಚಿತ್ರವನ್ನು ಗಣಕದ ಪರದೆಯ ಮೇಲೆ ನೋಡಿದರೆ ಮಲೆನಾಡಿನ ಗುಡ್ಡಗಳ ಸಾಲಿನಂತೆ ಏರಿಳಿತ ಕಾಣುತ್ತದೆ. ಸಮರದ ಕಾಲದ ಹಾಡಿನ ಚಿತ್ರ, ಮಾಲಿ ಕತ್ತರಿ ಆಡಿಸಿ ಹೋದ ಬೇಲಿಗಿಡದಂತೆ, ಈ ಕೊನೆಯಿಂದ ಆ ಕೊನೆಗೆ ಒಂದೇ ಸಮ.

ಇಷ್ಟಾದರೂ ಜನ ಏಕೆ ಒಪ್ಪಿದರು? ಇಲ್ಲಿ ನಮ್ಮ ಕಿವಿಯ ದೌರ್ಬಲ್ಯವೊಂದಿದೆ. ೧೯೩೩ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಇದನ್ನು ಅಳೆದು ತೋರಿಸಿದರು. ಸದ್ದು ಸಣ್ಣದಾಗಿದ್ದಾಗ ನಮ್ಮ ಕಿವಿಗೆ ಮಂದ್ರದ ಸ್ವರಗಳೂ ಅತಿ ಎತ್ತರದ ಸ್ವರಗಳೂ ಸರಿಯಾಗಿ ಕೇಳುವುದಿಲ್ಲ; ಸದ್ದು ಏರಿದಂತೆ ಅವು ತುಂಬಿಕೊಳ್ಳುತ್ತವೆ. ಆದ್ದರಿಂದ ಒಂದೇ ಹಾಡಿನ ಎರಡು ಪ್ರತಿಗಳಲ್ಲಿ ಒಂದನ್ನು ಕೂದಲೆಳೆಯಷ್ಟು ಗಟ್ಟಿಯಾಗಿ ಕೇಳಿಸಿದರೆ, ನಾವು ‘ಇದು ಜೋರಾಗಿದೆ’ ಎನ್ನುವುದಿಲ್ಲ. ‘ಇದು ಚೆನ್ನಾಗಿದೆ’ ಎನ್ನುತ್ತೇವೆ. ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿ ಕೊಳ್ಳುವವನಿಗೆ ಈ ಮೋಸ ತಿಳಿಯುವಂತಿಲ್ಲ. ತಿಳಿಯುವುದು ಮನೆಗೆ ಬಂದು ತಿರುಪು ಇಳಿಸಿ ಒಂದು ಗಂಟೆ ಕೇಳಿದ ಮೇಲೆ. ಆಗ ಕಾರಣ ತಿಳಿಯದೆ ತಲೆ ಭಾರವಾಗುತ್ತದೆ. ಇಡೀ ದಿನ ಪೂರ್ಣವಿರಾಮವಿಲ್ಲದೆ ಮಾತನಾಡುವ ನೆಂಟರು ಬಂದು ಹೋದ ಮೇಲೆ ಆಗುವ ಆಯಾಸ ಅದು.

ಸಮರ ತಾರಕಕ್ಕೆ ಏರಿದ್ದು ೨೦೦೮ರಲ್ಲಿ. ಆ ವರ್ಷ ಸೆಪ್ಟೆಂಬರಿನಲ್ಲಿ ಮೆಟಾಲಿಕಾ ಎಂಬ ಅಮೆರಿಕದ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಿಡುಗಡೆಯಾಯಿತು. ಈ ತಂಡದ ಸಂಗೀತವೇ ಗುಡುಗಿನ ಜಾತಿಯದು. ಅದರ ಅಭಿಮಾನಿಗಳು ಮೆಲುದನಿಯ ಭಕ್ತರೇನೂ ಅಲ್ಲ. ಆದರೆ ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವೀಡಿಯೋ ಆಟದಲ್ಲಿಯೂ ಬಂದಿದ್ದುವು, ಅಲ್ಲಿ ಅಷ್ಟು ಅಮುಕಿರಲಿಲ್ಲ. ಎರಡನ್ನೂ ಹೋಲಿಸಿ ಕೇಳಿದ ಹುಡುಗರಿಗೆ ಆಟದ ಪ್ರತಿಯೇ ಹಣ ಕೊಟ್ಟು ತಂದ ತಟ್ಟೆಗಿಂತ ಚೆನ್ನಾಗಿ ಕೇಳಿತು! ಹತ್ತು ಸಾವಿರಕ್ಕೂ ಹೆಚ್ಚು ಮಂದಿ, ಇದನ್ನು ಮತ್ತೆ ಹದಮಾಡಿ ಕೊಡಿ ಎಂದು ಮನವಿಗೆ ರುಜು ಹಾಕಿದರು. ಕೊನೆಯ ಕೈ ಹಾಕಿದ್ದ ಟೆಡ್ ಜೆನ್ಸನ್ ಎಂಬ ಹೆಸರಾಂತ ತಜ್ಞ, ಹಾಡುಗಳು ತನ್ನ ಬಳಿಗೆ ಬರುವ ಮೊದಲೇ ಗೋಡೆಗೆ ಒತ್ತಿದಂತಾಗಿದ್ದುವೆಂದು ತಿಳಿಸಿದರು. ಗುಡುಗನ್ನು ಪ್ರೀತಿಸುವವರಿಗೂ ಗುಡುಗಿನ ಮುಂಚಿನ ಮೌನ ಬೇಕೆಂಬುದು ಇದರಿಂದ ಸ್ಪಷ್ಟವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಗನ್ಸ್ ಎನ್ ರೋಸಸ್ ತಂಡದ ‘ಚೈನೀಸ್ ಡೆಮಾಕ್ರಸಿ’ ಬಂದಿತು. ಅದಕ್ಕೆ ಮಾಸ್ಟರಿಂಗ್ ಮಾಡಿದ ಬಾಬ್ ಲಡ್ವಿಗ್ ಮೂರು ಬಗೆಯ ಪ್ರತಿಗಳನ್ನು ಮುಂದಿಟ್ಟಾಗ, ತಂಡದವರು ಆರಿಸಿಕೊಂಡದ್ದು ಗಟ್ಟಿತನಕ್ಕಾಗಿ ಅಮುಕದೆ ಏರಿಳಿತವನ್ನು ಪೂರ್ತಿ ಉಳಿಸಿದ್ದ ಪ್ರತಿಯನ್ನು.

ಇವೆಲ್ಲ ಪರದೇಶದ ಮಾತು, ನಮಗೇಕೆ ಎಂದು ನೀವು ಕೇಳಬಹುದು. ಈ ಸಾಧನಗಳು ಇಂದು ಪ್ರತಿಯೊಂದು ಊರಿನ ಪ್ರತಿಯೊಂದು ಗಣಕದಲ್ಲಿಯೂ ಇವೆ; ಅವುಗಳೊಡನೆ ಅವುಗಳ ಚಟವೂ ಬಂದಿದೆ. ನಮ್ಮ ಮನೆಯಲ್ಲಿ ೧೯೮೧ರ ಒಂದು ಕ್ಯಾಸೆಟ್ಟು ಇದೆ. ಮುಳ್ಳು ಓಲಾಡುವ ಎರಡು ಮೀಟರುಗಳಿದ್ದ ಟೇಪ್ ರೆಕಾರ್ಡರನ್ನು ಯಾರಿಂದಲೋ ಎರವಲು ತಂದು, ಒಂದು ಸಂಜೆ ದೀಪ ಹಚ್ಚಿದ ಮೇಲೆ, ನಮ್ಮ ತಾಯಿ ಹಾಡಿದ ನಾಲ್ಕು ದೇವರನಾಮಗಳನ್ನು ಮುದ್ರಿಸಿಕೊಂಡಿದ್ದೆವು. ತಾಯಿ ಈಗಿಲ್ಲ. ಕ್ಯಾಸೆಟ್ಟೂ ಹಣ್ಣಾಗುತ್ತಿದೆಯೆಂದು, ಅದನ್ನು ಗಣಕಕ್ಕೆ ಇಳಿಸಿಕೊಡುವ ಅಂಗಡಿಯೊಂದಕ್ಕೆ ಒಯ್ದೆ. ವಾರದ ಮೇಲೆ ಹೋದಾಗ ಅಲ್ಲಿನ ತರುಣ ಹೆಮ್ಮೆಯಿಂದ, “ಈಗ ಕೇಳಿ ಸಾರ್, ಮೊದಲು ಅರ್ಧಕ್ಕರ್ಧ ಕೇಳಿಸ್ತಾನೇ ಇರಲಿಲ್ಲ” ಎಂದು ಹಾಕಿದ.

ಕೇಳಿದೆ. ಎಲ್ಲವೂ ಕೇಳಿಸುತ್ತಿತ್ತು. ತಾಯಿ ಉಸಿರೆಳೆದುಕೊಳ್ಳುವ ಎಡೆಗಳಲ್ಲಿ ಗೋಡೆಯ ಗಡಿಯಾರ ಮುಂದೆ ನುಗ್ಗಿ ಬಂದು, ಹಾಡು ಮತ್ತೆ ಹಿಡಿದೊಡನೆ ಹಿಂದೆ ಸರಿಯುತ್ತಿತ್ತು. ತೊಟ್ಟಿಲಿನ ಕೀರಲು ಸದ್ದು ಹಾಡಿನ ಸರಿಸಮಕ್ಕೆ ಬಂದು ಕುಳಿತಿತ್ತು. ಒಂದು ಮಾತ್ರ ಕೇಳಿಸಲಿಲ್ಲ: ಚರಣದ ಕೊನೆಯಲ್ಲಿ ತಾಯಿ ದನಿಯನ್ನು ಇಳಿಸುತ್ತಿದ್ದ ಆ ಇಳಿತ. ಇಳಿದದ್ದನ್ನೆಲ್ಲ ಯಂತ್ರ ಎತ್ತಿ ಸಮ ಮಾಡಿತ್ತು. “ಏನೂ ತಿದ್ದಬೇಡಪ್ಪ, ಇದ್ದದ್ದನ್ನು ಇದ್ದ ಹಾಗೆ ಇಳಿಸಿಕೊಡು” ಎಂದೆ. “ಹಾಗೆ ಕೊಟ್ಟರೆ ಸಣ್ಣಗಿದೆ ಅಂತ ಎಲ್ಲರೂ ಬೈತಾರೆ ಸಾರ್” ಎಂದ. ಹುಡುಗನ ತಪ್ಪಲ್ಲ, ಗಿರಾಕಿಗಳು ಕಲಿಸಿದ ಪಾಠ ಅದು. “ನಾನು ಬೈಯುವುದಿಲ್ಲ” ಎಂದು ಭಾಷೆ ಕೊಟ್ಟ ಮೇಲೆ ಮತ್ತೆ ಇಳಿಸಿಕೊಟ್ಟ.

ಅದನ್ನು ನನ್ನ ಅಕ್ಕನ ಮಗನಿಗೆ ಕೇಳಿಸಿದೆ. ಈಗ ಅವನಿಗೂ ತಲೆ ನರೆತಿದೆ. ಕೇಳುತ್ತ ಕೇಳುತ್ತ, “ಮಾವ, ಅಜ್ಜಿ ಇಲ್ಲಿ ಯಾಕೆ ಇಷ್ಟು ಮೆಲ್ಲಗೆ ಹಾಡ್ತಾರೆ?” ಎಂದು ಕೇಳಿದ. “ನೀನು ಆಗತಾನೆ ನಿದ್ದೆ ಹೋಗಿದ್ದೆಯಪ್ಪ, ತೊಟ್ಟಿಲಲ್ಲಿ” ಎಂದೆ. ಅವನು ಮತ್ತೆ ಮಾತನಾಡಲಿಲ್ಲ. ಆ ಭಾಗವನ್ನು ಇನ್ನೊಂದು ಸಲ ಹಾಕಿಕೊಂಡು ಕೇಳಿದ. ಮೊದಲಿನ ಪ್ರತಿಯಷ್ಟೇ ಉಳಿದಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಸದ್ದಿನ ಏರಿಳಿತ ಅಲಂಕಾರವಲ್ಲ. ಹಾಡಿದವರು ಯಾರಿಗಾಗಿ, ಯಾವ ಹೊತ್ತಿನಲ್ಲಿ, ಯಾವ ಮನಸ್ಸಿನಿಂದ ಹಾಡಿದರೆಂಬ ಸುದ್ದಿ ಅದರಲ್ಲಿರುತ್ತದೆ.

ಎದುರು ಪಕ್ಷದವರ ಮಾತನ್ನೂ ಕೇಳಬೇಕು. ಬಸ್ಸಿನಲ್ಲಿ ಕುಳಿತು ಕೇಳುವವನಿಗೆ ಮೆಲುದನಿಯ ಭಾಗ ಎಂಜಿನ್ನಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಅಡಿಗೆಮನೆಯಲ್ಲಿ ಒಗ್ಗರಣೆಯ ಚಟಪಟದ ನಡುವೆ ಕೇಳುವವರಿಗೂ ಅಷ್ಟೇ. ಸ್ವಲ್ಪ ಅಮುಕಿದರೆ ಅವರಿಗೆ ಉಪಕಾರ. ಒಪ್ಪತಕ್ಕ ಮಾತು. ಅಮುಕುವುದೇ ಪಾಪವೆಂದು ನಾನು ಹೇಳುವುದಿಲ್ಲ. ತಾರಸ್ಥಾಯಿಗೆ ಹೋಗುವಾಗ ಅನುಭವಸ್ಥ ಗಾಯಕರು ಮೈಕಿನಿಂದ ಮುಖವನ್ನು ತುಸು ಹಿಂದಕ್ಕೆ ಸರಿಸುವುದೂ ಅದೇ ಕೆಲಸ. ಅಮುಕು ಉಪ್ಪಿನಂತೆ, ಹಿಡಿಯಷ್ಟು ಹಾಕಿದರೆ ಮಾತ್ರ ತಕರಾರು.

ಆದರೆ ಉಪ್ಪನ್ನು ಎಲ್ಲಿ ಹಾಕಬೇಕೆಂಬ ಪ್ರಶ್ನೆಯೂ ಇದೆ. ಏರಿಳಿತವಿರುವ ಹಾಡನ್ನು, ಬೇಕೆನಿಸಿದಾಗ, ಕೇಳುವ ಯಂತ್ರದಲ್ಲಿಯೇ ಸಮ ಮಾಡಿಕೊಳ್ಳಬಹುದು; ರಾತ್ರಿ ಮನೆಯವರು ಮಲಗಿದಾಗ ನೋಡಲೆಂದು ಕೆಲವು ಟೀವಿಗಳಲ್ಲಿ ಇಂಥ ಏರ್ಪಾಟು ಇದೆ. ತಟ್ಟೆಯಲ್ಲಿಯೇ ಸಮ ಮಾಡಿ ಕಳುಹಿಸಿದ್ದಕ್ಕೆ ಏರಿಳಿತವನ್ನು ಮರಳಿ ಕೊಡುವುದು ಯಾರಿಗೂ ಪೂರ್ತಿ ಸಾಧ್ಯವಿಲ್ಲ. ಸಾರಿಗೆ ಉಪ್ಪು ಸಾಲದಿದ್ದರೆ ಎಲೆಯ ತುದಿಯಲ್ಲಿ ಬಡಿಸಿದ್ದನ್ನು ಬೆರೆಸಿಕೊಳ್ಳುತ್ತೇವೆ. ಹೆಚ್ಚಾದರೆ ತೆಗೆಯುವ ಉಪಾಯವಿಲ್ಲ. ಗಟ್ಟಿತನ ಕೇಳುವವನಿಗೆ ಸೇರಿದ್ದು. ತಿರುಪು ಅವನ ಬೆರಳಲ್ಲಿದೆ. ಮೆಲ್ಲಗೆ ಎಲ್ಲಿ, ಗಟ್ಟಿಯಾಗಿ ಎಲ್ಲಿ ಎಂಬುದು ಹಾಡಿದವರಿಗೆ ಸೇರಿದ್ದು. ತಯಾರಿಸುವವನು ಮೊದಲನೆಯದನ್ನು ತಾನೇ ಮಾಡಹೋಗಿ ಎರಡನೆಯದನ್ನು ಕಳೆಯುತ್ತಾನೆ. ನನ್ನ ತಕರಾರೆಲ್ಲ ಇಷ್ಟೇ.

ಈ ತಕರಾರು ಕೆಲವೆಡೆ ಕಾನೂನಿನ ಕಿವಿಗೂ ಬಿದ್ದಿದೆ. ಮೊದಲು ಬಿದ್ದದ್ದು ಜಾಹೀರಾತಿನ ಕಾರಣದಿಂದ. ನಮ್ಮ ದೇಶದ ಕೇಬಲ್ ಟೀವಿ ನಿಯಮಗಳು ೧೯೯೪ರಲ್ಲಿಯೇ ಜಾಹೀರಾತುಗಳ ಸದ್ದು ಅತಿಯಾಗಕೂಡದೆಂದು ವಿಧಿಸಿದುವು. ಅದರ ಪಾಲನೆ ಎಷ್ಟೆಂಬುದನ್ನು ಟೀವಿ ಇರುವ ಓದುಗರ ತೀರ್ಮಾನಕ್ಕೆ ಬಿಡುತ್ತೇನೆ. ಸದ್ದನ್ನು ಮನುಷ್ಯನ ಕಿವಿಗೆ ಕೇಳುವಂತೆ ಅಳೆಯುವ ಅಂತರರಾಷ್ಟ್ರೀಯ ಮಾನ ೨೦೦೬ರಲ್ಲಿ ಸಿದ್ಧವಾಯಿತು. ೨೦೧೦ರಲ್ಲಿ ಯೂರೋಪಿನ ಪ್ರಸಾರಕರ ಒಕ್ಕೂಟ ಅದರ ಆಧಾರದ ಮೇಲೆ ಒಂದು ಮಟ್ಟವನ್ನು ಗೊತ್ತುಮಾಡಿತು. ಅಮೆರಿಕದಲ್ಲಿ ಜಾಹೀರಾತು ಕಾರ್ಯಕ್ರಮಕ್ಕಿಂತ ಗಟ್ಟಿಯಾಗಿರಬಾರದೆಂಬ ಕಾಯಿದೆ ೨೦೧೨ರ ಡಿಸೆಂಬರಿನಿಂದ ಜಾರಿಗೆ ಬಂದಿತು.

ಹಾಡಿನ ಲೋಕಕ್ಕೆ ಈ ನ್ಯಾಯ ಬಂದದ್ದು ಅಂತರಜಾಲದ ಮೂಲಕ. ಸ್ಪಾಟಿಫೈಯಂಥ ಸೇವೆಗಳು ಎಲ್ಲ ಹಾಡುಗಳನ್ನೂ ಇದೇ ಮಾನದಿಂದ ಅಳೆದು, ಗಟ್ಟಿಯಾದುದನ್ನು ತಾವೇ ಇಳಿಸಿ, ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತವೆ. ಕೂಗಿದವನಿಗೂ ಮೆಲ್ಲಗೆ ಹೇಳಿದವನಿಗೂ ಒಂದೇ ಎತ್ತರದ ಮಣೆ. ಈ ಮಣೆಯ ಮೇಲೆ ಬೇಲಿಗಿಡದಂಥ ಹಾಡಿಗೆ ತನ್ನ ಲಾಭ ಹೋಗಿ ನಷ್ಟವಷ್ಟೇ ಉಳಿಯುತ್ತದೆ. ಗುಡ್ಡದ ಸಾಲಿನಂಥ ಹಾಡು ಪಕ್ಕದಲ್ಲಿಯೇ ತಲೆಯೆತ್ತಿ ನಿಲ್ಲುತ್ತದೆ. ಆದರೂ ಸಮರ ಪೂರ್ತಿ ನಿಂತಿಲ್ಲ. ಅಭ್ಯಾಸಬಲದಿಂದ ಇಂದಿಗೂ ಅಮುಕುವವರಿದ್ದಾರೆ. ಹಾಗೆ ಅಮುಕಿ ಹೊರತಂದ ಹಾಡುಗಳು ಹಾಗೆಯೇ ಉಳಿದಿವೆ.

ನನಗೆ ನಿಜವಾಗಿ ಚಿಂತೆ ಹೊಸ ಹಾಡುಗಳದಲ್ಲ. ಅವನ್ನು ಮಾಡುವವರು ನಾಳೆ ಬೇರೆಯಾಗಿ ಮಾಡಿಯಾರು. ಚಿಂತೆ ಹಳೆಯವುಗಳದು. ಹಳೆಯ ಧ್ವನಿಮುದ್ರಿಕೆಯನ್ನು ‘ರೀಮಾಸ್ಟರ್’ ಮಾಡಿ, ಹೊಳಪು ಕೊಟ್ಟೆವೆಂದು ಹೇಳಿ ಗಟ್ಟಿ ಮಾಡಿ ಬಿಡುತ್ತಾರೆ. ಹೊಸದು ಬಂದೊಡನೆ ಹಳೆಯ ಪ್ರತಿ ಅಂಗಡಿಯಿಂದಲೂ ಅಂತರಜಾಲದಿಂದಲೂ ಮರೆಯಾಗುವುದುಂಟು. ಮುಂದಿನವರು ಆ ಗಾಯಕಿ ಎಂದೂ ದನಿ ಇಳಿಸದವಳೆಂದೇ ತಿಳಿದುಬಿಡುತ್ತಾರೆ. ಹಾಗೆ ತಿಳಿಯುವವರದು ಏನೂ ತಪ್ಪಿಲ್ಲ. ಅವರಿಗೆ ಸಿಕ್ಕಿದ್ದೇ ಅಷ್ಟು.

ಆದ್ದರಿಂದ ಓದುಗರಲ್ಲಿ ಎರಡು ಸಣ್ಣ ವಿನಂತಿ. ಎರಡು ಪ್ರತಿಗಳಲ್ಲಿ ಯಾವುದು ಮೇಲೆಂದು ತೀರ್ಮಾನಿಸುವ ಮೊದಲು ತಿರುಪು ಹಿಡಿದು ಎರಡನ್ನೂ ಒಂದೇ ಗಟ್ಟಿತನಕ್ಕೆ ತನ್ನಿ. ಆಮೇಲೆ ನಿಮ್ಮ ಕಿವಿ ಸುಳ್ಳು ಹೇಳುವುದು ಕಡಿಮೆ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ, ಅವನ್ನು ಇಳಿಸಲು ಕೊಡುವಾಗ ‘ಇದ್ದದ್ದು ಇದ್ದ ಹಾಗೆ ಒಂದು ಪ್ರತಿ’ ಎಂದು ಚೀಟಿಯಲ್ಲಿ ಬರೆದು ಕೊಡಿ. ಅದು ಸಣ್ಣಗೆ ಕೇಳೀತು. ಕೇಳಲಿ, ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಸ್ವಲ್ಪ ಹತ್ತಿರ ಕುಳಿತರೆ ಆಯಿತು.